ಸೀರೆ ಅಂಗಡಿಯಲ್ಲಿ ಕುಳಿತದ್ದು

ಬೈಲಹೊಂಗಲದ ಒಂದು ಸೀರೆ ಅಂಗಡಿಯಲ್ಲಿ ನಾನು ನಾಲ್ಕು ವರ್ಷ ನಿಂತಿದ್ದೇನೆ. ಕೆಲಸ ಮಾಡಿದ್ದೇನೆ ಎಂದು ಬರೆಯಬೇಕಿತ್ತು, ಆದರೆ ನೆನಪಾಗುವುದು ನಿಂತದ್ದೇ. ಬೆಳಿಗ್ಗೆ ಹತ್ತಕ್ಕೆ ಶಟರ್ ಏರಿದರೆ ರಾತ್ರಿ ಎಂಟಕ್ಕೆ ಇಳಿಯುವವರೆಗೆ ನಾವು ಆರು ಮಂದಿ ಹೆಂಗಸರು ಗಾಜಿನ ಕೌಂಟರಿನ ಹಿಂದೆ ನಿಂತೇ ಇರಬೇಕು. ಗಿರಾಕಿ ಇದ್ದರೂ ಅಷ್ಟೇ, ಇಲ್ಲದಿದ್ದರೂ ಅಷ್ಟೇ. ಊಟದ ಇಪ್ಪತ್ತು ನಿಮಿಷ ಮಾತ್ರ ಹಿಂದಿನ ಗೋದಾಮಿನಲ್ಲಿ ಕೂರಬಹುದಿತ್ತು.

ಮೊದಲು ಹೀಗಿರಲಿಲ್ಲವಂತೆ. ಮಾಲಕರ ತಂದೆಯ ಕಾಲದಲ್ಲಿ ಗುಮಾಸ್ತರೆಲ್ಲ ಗಂಡಸರು. ಅವರು ಬಿಳಿ ಗಾದಿಯ ಮೇಲೆ ಕಾಲು ಮಡಚಿ ಕುಳಿತು, ಲೋಡು ದಿಂಬಿಗೆ ಒರಗಿ ಸೀರೆ ತೋರಿಸುತ್ತಿದ್ದರಂತೆ. ಅಂಗಡಿಯನ್ನು ಹೊಸದಾಗಿ ಕಟ್ಟಿಸಿ ಹೆಂಗಸರನ್ನು ಕೆಲಸಕ್ಕಿಟ್ಟುಕೊಂಡಾಗ ಗಾದಿ ಮಾಯವಾಯಿತು. ಮಾಲಕರ ಕುರ್ಚಿ ಮಾತ್ರ ಉಳಿಯಿತು. ಅದಕ್ಕೆ ಎರಡು ದಿಂಬು ಬೇರೆ.

ಗಂಡನ ಮನೆ ಬಿಟ್ಟು, ಆರು ವರ್ಷದ ಮಗಳ ಜೊತೆ ಒಂದು ಬಾಡಿಗೆ ಕೋಣೆ ಹಿಡಿದ ಹೊಸದರಲ್ಲಿ ನಾನು ಅಲ್ಲಿಗೆ ಸೇರಿದೆ. ಯಾರಾದರೂ ದನಿ ಏರಿಸಿದರೆ ಸಾಕು, ಕೈಯಲ್ಲಿದ್ದದ್ದನ್ನು ಬಿಟ್ಟು ಹಿಂದೆ ಸರಿಯುತ್ತಿದ್ದೆ. ನನ್ನ ಪಕ್ಕದ ಕೌಂಟರಿನವಳು ನನಗಿಂತ ಹತ್ತು ವರ್ಷ ಹಿರಿಯಳು, ಮುಸ್ಲಿಂ ಹೆಣ್ಣುಮಗಳು. ಆಕೆಯ ಗಂಡ ಟಂಟಂ ಆಟೋ ಓಡಿಸುತ್ತಿದ್ದ. ನನ್ನ ತವರು ರಾಮದುರ್ಗ ಎಂದು ತಿಳಿದ ಕೂಡಲೇ, "ನಮ್ಮ ಅವ್ವನ ಮನಿ ಅಲ್ಲೇ ಬಾಜೂಕ, ತೊರಗಲ್. ಹಂಗಾರ ನೀ ನನ್ನ ತಂಗಿನ ಆದಿ ಬಿಡು" ಅಂದಳು. ಜರಿಯಂಚು ಮುರಿಯದಂತೆ ಸೀರೆ ಮಡಚುವುದನ್ನು ಕಲಿಸಿದ್ದು ಆಕೆ. ಶಾಲೆ ಬಿಟ್ಟ ಮೇಲೆ ನನ್ನ ಮಗಳು ಹೋಗುತ್ತಿದ್ದದ್ದು ಆಕೆಯ ಮನೆಗೆ. ಆಕೆಯ ಅತ್ತೆ ತನ್ನ ಮೊಮ್ಮಕ್ಕಳ ಜೊತೆ ಅವಳಿಗೂ ಚಹಾ ಚಪಾತಿ ಕೊಡುತ್ತಿದ್ದರು. ಒಮ್ಮೆ ಗಿರಾಕಿಯೊಬ್ಬಳು ನನ್ನ ಬರಿಗೊರಳು ನೋಡಿ, "ನಿನ್ನ ಗಂಡ ಎಲ್ಲಿರ್ತಾನ?" ಎಂದು ಕೆದಕಿದಳು. ಗೆಳತಿ ತಲೆ ಎತ್ತದೆಯೇ, "ಸೀರಿ ಆಕಿ ತೋರಸ್ತಾಳ್ರಿ ಅಕ್ಕಾರ, ಆಕಿ ಗಂಡ ಅಲ್ಲ" ಅಂದಳು.

ಅಂಥ ಬಾಯಿ ಇದ್ದವಳ ಮಾತೂ ತನ್ನ ಕಾಲಿನ ವಿಷಯದಲ್ಲಿ ನಡೆಯಲಿಲ್ಲ. ಮೀನಖಂಡದ ನರಗಳು ಗಂಟುಗಂಟಾಗಿ ಉಬ್ಬಿ ನೀಲಿಯಾಗಿದ್ದವು. ಮೂರು ಸಲ ಮಾಲಕರನ್ನು ಕೇಳಿದ್ದಳು. ಮೂರನೆಯ ಸಲ ನಾನೂ ಅಲ್ಲಿದ್ದೆ. "ಒಂದು ಸ್ಟೂಲ್ ಇಡಸ್ರಿ ಅಣ್ಣಾರ, ಗಿರಾಕಿ ಇಲ್ಲದಾಗಷ್ಟ ಕುಂದರತೇವಿ."

ಮಾಲಕರು ದಿಂಬಿಗೆ ಒರಗಿಯೇ ಹೇಳಿದರು: "ಗಿರಾಕಿ ಬಂದಾಗ ನೀವು ಕುಂತಿದ್ರ ಅಂಗಡಿ ಮರ್ಯಾದಿ ಏನ ಉಳೀತೈತಿ? ನಿಂದರಾಕ ಆಗಲಿಲ್ಲಂದ್ರ ಮನ್ಯಾಗ ಕುಂದರ್ರಿ."

ನಾನು ಸೀರೆ ಮಡಚುತ್ತ ಸುಮ್ಮನಿದ್ದೆ. ಆ ಸುಮ್ಮನಿದ್ದದ್ದು ಇಂದಿಗೂ ನನ್ನನ್ನು ಚುಚ್ಚುತ್ತದೆ.

ಮದುವೆಯ ಸೀಜನ್ನಿನಲ್ಲಿ ಒಂದು ಮಧ್ಯಾಹ್ನ ಅಂಗಡಿ ತುಂಬಿತ್ತು. ಗೆಳತಿ ಒಮ್ಮೆಲೇ ಕೌಂಟರ್ ಹಿಡಿದುಕೊಂಡಳು. ಕೆಳಗೆ ನೋಡಿದರೆ ಬಿಳಿ ಟೈಲ್ಸಿನ ಮೇಲೆ ರಕ್ತ. ಉಬ್ಬಿದ ನರ ಒಡೆದು ಸಲ್ವಾರ್ ತೊಯ್ದಿತ್ತು. ನಾನು ಅವಳನ್ನು ನೆಲಕ್ಕೆ ಮಲಗಿಸಿ, ನನ್ನ ದುಪಟ್ಟಾದಿಂದ ಗಾಯ ಒತ್ತಿ ಹಿಡಿದೆ. ಮಾಲಕರು ಎದ್ದು ಬಂದರು. ಬಂದವರು ಮೊದಲು ಆಡಿದ ಮಾತು ಇದು: "ಏ, ಆ ರೇಷ್ಮಿ ಸೀರಿ ಸರಸ್ರಿ, ರಕ್ತದ ಕಲಿ ಹತ್ತೀತು!"

ಕೈಗೆ ಸಿಕ್ಕ ಎಂಟು ಹತ್ತು ರೇಷ್ಮೆ ಸೀರೆಗಳನ್ನು ಎಳೆದು, ಒಟ್ಟಿ, ಅವಳ ಕಾಲನ್ನು ಅವುಗಳ ಮೇಲೆ ಎತ್ತಿಟ್ಟೆ. "ಆಟೋ ತರಸ್ರಿ ಮೊದಲ" ಎಂದು ಕಿರುಚಿದೆ. ಆ ದನಿ ನನ್ನದೇ ಎಂದು ನನಗೇ ನಂಬಲಾಗಲಿಲ್ಲ.

ಡಾಕ್ಟರು ಹೊಲಿಗೆ ಹಾಕಿ, ಇನ್ನು ಮುಂದೆ ತಾಸುಗಟ್ಟಲೆ ನಿಲ್ಲಬಾರದು ಎಂದರು. ಅದನ್ನು ಕೇಳಿ ಮಾಲಕರು, "ಹಂಗಾರ ಆಕಿಗೆ ಬರಬ್ಯಾಡ ಅಂತ ಹೇಳ್ರಿ" ಅಂದರು. ಒಂಬತ್ತು ವರ್ಷ ನಿಂತವಳಿಗೆ ಸಿಕ್ಕಿದ್ದು ಆ ಒಂದು ಮಾತು, ಅದೂ ನನ್ನ ಬಾಯಿಂದ ಹೇಳಿಸಬೇಕಂತೆ! ನಾನು ಹೇಳಲಿಲ್ಲ.

ಮರುದಿನ ಮನೆಯಿಂದ ಪ್ಲಾಸ್ಟಿಕ್ ಸ್ಟೂಲ್ ಒಯ್ದು, ಕೌಂಟರಿನ ಹಿಂದೆ ಹಾಕಿ ಕುಳಿತೆ. ಮಾಲಕರು, "ಏಳು" ಅಂದರು. "ಗಿರಾಕಿ ಬಂದ್ರ ಏಳತೇನ್ರಿ" ಅಂದೆ. "ಈಗ ಏಳು, ಇಲ್ಲಾಂದ್ರ ಹೊರಗ ನಡಿ!" ನಾನು ಅಲುಗಲಿಲ್ಲ. ಆಗ ಸವದತ್ತಿಯಿಂದ ದಿನಾ ಬಸ್ಸಿನಲ್ಲಿ ಬರುವ ಹುಡುಗಿ, ನಮ್ಮೆಲ್ಲರಿಗಿಂತ ಕಿರಿಯಳು, ತನ್ನ ಕೌಂಟರಿನ ಹಿಂದೆ ನೆಲದ ಮೇಲೆಯೇ ಕುಳಿತುಬಿಟ್ಟಳು. ಉಳಿದ ಮೂವರು ಒಬ್ಬರ ಮುಖ ಒಬ್ಬರು ನೋಡಿಕೊಂಡು ತಾವೂ ಕುಳಿತರು.

ಅಷ್ಟರಲ್ಲಿ ದೇಗಾಂವದಿಂದ ಮದುವೆ ಜವಳಿಗೆ ಬಂದ ಒಂದು ಕುಟುಂಬ ಒಳಗೆ ಬಂತು. ನಾನು ಏಳಲು ಹೋದೆ. ಅವರಲ್ಲಿ ಹಿರಿಯಳಾದ ಅಜ್ಜಿ ಯಾಕೆ ಜಗಳ ಎಂದು ಕೇಳಿದರು. ಸವದತ್ತಿಯ ಹುಡುಗಿ ಎಲ್ಲ ಹೇಳಿದಳು, ರಕ್ತದ್ದು, ರೇಷ್ಮೆ ಸೀರೆಯದ್ದು, ಬರಬೇಡ ಅಂದದ್ದು. ಅಜ್ಜಿ ನನ್ನ ಭುಜ ಒತ್ತಿ ಮತ್ತೆ ಕೂರಿಸಿ, ಮಾಲಕರ ಕಡೆ ತಿರುಗಿದರು. "ಏನ್ರೀ, ಕುಂತ ತೋರಿಸಿದ್ರ ಸೀರಿ ಬಣ್ಣ ಬಿಡತೈತೇನು? ಈ ಹೆಣ್ಣಮಕ್ಕಳು ಕುಂದ್ರಲಿ. ಹೋದ ಆ ಹೆಣ್ಣಮಗಳನ್ನ ಕರಸ್ರಿ. ಇಲ್ಲಂದ್ರ ನಾವು ಮುಂದಿನ ಅಂಗಡಿಗೆ ಹೋಗತೇವಿ."

ಸ್ಟೂಲುಗಳು ಬಂದವು. ಐದು ಮಂದಿಗೆ ಮೂರು. ತಿಂಗಳು ಕಳೆದು ಗೆಳತಿಯೂ ಬಂದಳು. ಈಗ ಸೀರೆಗೆ ಫಾಲ್ ಹಚ್ಚುವ ಕೆಲಸ ಕುಳಿತೇ ಮಾಡುತ್ತಾಳೆ. ಬಂದ ದಿನ ನನ್ನ ಕೈ ಹಿಡಿದು ಬಹಳ ಹೊತ್ತು ಬಿಡಲಿಲ್ಲ. ಆಮೇಲೆ, "ಆ ಸೀರಿ ಮ್ಯಾಲೆ ಕಾಲಿಟ್ಟಾಗ ಎಷ್ಟ ಮೆತ್ತಗಿತ್ತ ಗೊತ್ತೇನ" ಎಂದು ನಕ್ಕಳು. ನಾನು ನಗಲಿಲ್ಲ.

ಮಾಲಕರು ಈಗ ಗಿರಾಕಿಗಳ ಮುಂದೆ, "ನಮ್ಮ ಹೆಣ್ಣಮಕ್ಕಳಿಗೆ ನಾವು ಎಲ್ಲಾ ಸೌಲತ್ತು ಮಾಡೇವ್ರಿ" ಎಂದು ಹೇಳಿಕೊಳ್ಳುತ್ತಾರೆ. ಕೇಳಿದಾಗೆಲ್ಲ ಮೈ ಉರಿಯುತ್ತದೆ. ಸೌಲತ್ತಂತೆ! ಮನುಷ್ಯರಿಗೆ ಮೊಣಕಾಲು ಇರುವುದೇ ಮಡಚಲಿಕ್ಕೆ.

ಮೊನ್ನೆ ಕಿತ್ತೂರಿನ ಹೊಸ ಹುಡುಗಿ ಕೆಲಸಕ್ಕೆ ಬಂದಳು. ತಾಸು ಹೊತ್ತು ನಿಂತು, ಹೆದರುತ್ತ ನನ್ನ ಬಳಿ ಬಂದು, "ಅಕ್ಕಾ, ಸ್ವಲ್ಪ ಕುಂದ್ರಲ್ಯಾ?" ಎಂದು ಕೇಳಿದಳು. ನನ್ನ ಸ್ಟೂಲನ್ನು ಅವಳತ್ತ ತಳ್ಳಿ, "ಇದನ್ನ ಇನ್ನೊಮ್ಮೆ ಯಾರನ್ನೂ ಕೇಳಬ್ಯಾಡ" ಎಂದೆ. ಸ್ವಲ್ಪ ಗಡುಸಾಗಿಯೇ ಅಂದೆನೆಂದು ಕಾಣುತ್ತದೆ. ಅವಳು ಗಾಬರಿಯಾಗಿ ಥಟ್ಟನೆ ಕುಳಿತಳು.