ಹಿಂದಿನ ದೀಪದ ಬಣ್ಣ

ನನ್ನ ಗಂಡನಿಗೆ ಶೋಕಿ ಬಹಳ ಎಂದು ನಮ್ಮೂರು ಹಲಗೇರಿಯಲ್ಲಿ ಎಲ್ಲರೂ ಹೇಳುತ್ತಾರೆ. ಹೇಳುವವರಲ್ಲಿ ನಾನೇ ಮುಂದು. ಬ್ಯಾಡಗಿ ಮಾರುಕಟ್ಟೆಗೆ ಮೆಣಸಿನಕಾಯಿ ಚೀಲ ಸಾಗಿಸುವ ಸಣ್ಣ ಟೆಂಪೊ ನಮ್ಮದು. ನಮ್ಮ ಹೊಟ್ಟೆಪಾಡು ಅದರ ಮೇಲೆಯೇ. ಅದಕ್ಕೆ ಅವರು ಮಾಡಿದ ಸಿಂಗಾರ ನೋಡಿದರೆ ಮದುಮಗಳೂ ನಾಚಬೇಕು. ಮುಂದೆ ನೇರಳೆ ಬೆಳಕಿನ ಪಟ್ಟಿ, ಕೆಳಗೆ ನೀಲಿ, ನಂಬರ್ ಪ್ಲೇಟಿನ ಸುತ್ತ ಮಿಣಿಮಿಣಿ. "ಇದೇನ ಟೆಂಪೊನೋ, ಮದುವಿ ಮಂಟಪಾನೋ?" ಎಂದು ಕೇಳಿದರೆ ನಕ್ಕು "ಹ್ಞೂಂ" ಅನ್ನುತ್ತಿದ್ದರು.

ಹೋದ ವರ್ಷ ಗಾಡಿಯ ಪಾಸಿಂಗ್ ಬಂತು. ಹಾವೇರಿಗೆ ಒಯ್ದು ಆರ್‌ಟಿಒ ಅಧಿಕಾರಿಗೆ ತೋರಿಸಬೇಕು, ನಪಾಸಾದರೆ ರಸ್ತೆಗಿಳಿಸುವಂತಿಲ್ಲ. ಮುಂದೆ ಬಿಳಿ ಇಲ್ಲವೇ ಹಳದಿ, ಹಿಂದೆ ಕೆಂಪು, ತಿರುಗುವಾಗ ಕಿತ್ತಳೆ. ಇಷ್ಟು ಬಿಟ್ಟು ಬೇರೆ ಬಣ್ಣದ ದೀಪ ಕಂಡರೆ ವಾಪಸ್ಸು. ಗಂಡ ಸಿಂಗಾರವನ್ನೆಲ್ಲ ಕಿತ್ತರು. ಬೋಳಾದ ಟೆಂಪೊ ನೋಡಿ, ಇಷ್ಟು ದಿನ ಬೈದ ನನಗೇ ಪಾಪ ಅನ್ನಿಸಿತು. ಹಿಂದಿನ ದೀಪಗಳ ಮುಚ್ಚಳ ಮಾರುಕಟ್ಟೆಯಲ್ಲಿ ರಿವರ್ಸ್ ಹೊಡೆಯುವಾಗ ಒಡೆದಿದ್ದವು. ರಾಣೆಬೆನ್ನೂರಿನ ಅಂಗಡಿಯೊಂದರಲ್ಲಿ ಬಣ್ಣಬಣ್ಣದ ಮುಚ್ಚಳಗಳ ರಾಶಿಯಿಂದ ತಾವೇ ಆರಿಸಿ ತಂದು, ಹೊರಡುವ ಮುಂಜಾನೆ ಕತ್ತಲಲ್ಲೇ ಕೂಡಿಸಿದರು. ಹಾವೇರಿಯಲ್ಲಿ ಅಕ್ಕನ ಮನೆ ಇರುವುದರಿಂದ, ಪಾಸಿಂಗ್ ಆದಮೇಲೆ ಹೋದರಾಯಿತೆಂದು ನಾನೂ ಹತ್ತಿ ಕೂತೆ.

ಅಧಿಕಾರಿ ದೀಪ ಹಚ್ಚಲು ಹೇಳಿದರು. ಹಿಂದಿನ ಎರಡೂ ದೀಪ ಗಿಳಿಹಸಿರು.

"ಏನಪಾ, ಹಿಂದ ಹಸಿರು ಹಾಕೀಯಲ್ಲ?"

"ಹಸಿರಲ್ರಿ ಸಾಹೇಬ್ರ. ಕೆಂಪ ಅದಾವ್ರಿ."

"ಚ್ಯಾಷ್ಟಿ ಮಾಡ್ತೀಯೇನು?"

ನಾನು ದೀಪ ನೋಡಿದೆ, ಗಂಡನ ಮುಖ ನೋಡಿದೆ. ತಲೆಬುಡ ತಿಳಿಯಲಿಲ್ಲ. ಅವರು ಚ್ಯಾಷ್ಟಿ ಮಾಡುವಾಗಿನ ಮುಖ ನನಗೆ ಗೊತ್ತು. ಇದು ಅದಲ್ಲ.

ನಾನು ಮನೆಯಲ್ಲಿ ಬ್ಲೌಸ್ ಹೊಲಿಯುತ್ತೇನೆ. ಬರೀ ಕೆಂಪು ದಾರ ತರಲು ಕಳಿಸಿದರೂ, ಅಂಗಡಿಯವನಿಗೆ ತೋರಿಸಲು ಬಟ್ಟೆಯ ತುಂಡು ಕೊಟ್ಟ ಹೊರತು ಇವರು ಹೊರಡುತ್ತಿರಲಿಲ್ಲ. ನನ್ನ ತವರಿನ ಹೊಲದಲ್ಲಿ ಮೆಣಸಿನಕಾಯಿ ಬಿಡಿಸುವಾಗ, ಹಣ್ಣು ಯಾವುದು ಹಸಿ ಯಾವುದು ಎಂದು ಒಂದೊಂದನ್ನೂ ಹಿಚುಕಿ ನೋಡುತ್ತಿದ್ದರು. ಅಳಿಯ ಕೆಲಸಗಳ್ಳ ಎಂದು ಆಳುಗಳು ನಗುತ್ತಿದ್ದರು, ನಾನೂ ನಕ್ಕಿದ್ದೆ.

"ಕೆಂಪು ಹಸಿರು ಗೊತ್ತಾಗೂದಿಲ್ಲೇನು ನಿನಗ?" ಅಧಿಕಾರಿಯ ದನಿ ಏರಿತು. ಹೌದೆಂದರೆ ಲೈಸೆನ್ಸಿಗೇ ಸಂಚಕಾರ. ಗಂಡ ನನ್ನ ಕಡೆ ನೋಡಿದರು. ನನ್ನ ಬಾಯಿ ನನಗಿಂತ ಮುಂಚೆ ತೆರೆಯಿತು.

"ಇವ್ರಿಗೆ ಮೊದಲಿಂದ ಶೋಕಿ ಭಾಳ್ರಿ ಸಾಹೇಬ್ರ. ನಾ ಬ್ಯಾಡ ಅಂದ್ರೂ ಕೇಳಂಗಿಲ್ಲ."

"ತಪ್ಪಾತ್ರಿ," ಎಂದರು ಗಂಡ.

"ಬದಲಿ ಮಾಡ್ಕೊಂಡ ಬಾ, ಹೋಗು."

ಹೊರಗಿನ ಅಂಗಡಿಯಲ್ಲಿ ಸಾಲಾಗಿ ತೂಗುಹಾಕಿದ್ದ ಮುಚ್ಚಳಗಳ ಮುಂದೆ ಅವರು ಕೈ ಎತ್ತದೆ ನಿಂತರು. ಕೆಂಪು ಎರಡನ್ನು ನಾನೇ ಇಳಿಸಿದೆ. ಮಧ್ಯಾಹ್ನಕ್ಕೆ ಗಾಡಿ ಪಾಸಾಯಿತು.

ವಾಪಸ್ಸು ಬರುವಾಗ ಸಿಟ್ಟು ತಡೆಯಲಾಗಲಿಲ್ಲ. "ಇಷ್ಟ ವರ್ಷ ಯಾಕ ಹೇಳಲಿಲ್ರಿ?"

"ನೀವೆಲ್ಲಾ ಶೋಕಿ ಅಂದ್ರಿ. ನಾನೂ ಹ್ಞೂಂ ಅಂದೆ."

ಹಾಗಾದರೆ ಆ ನೇರಳೆ, ನೀಲಿ? ಅವು ಇವರ ಕಣ್ಣಿಗೆ ಏನಾಗಿ ಕಂಡಿದ್ದವು? ಇವರಿಗೆ ಶೋಕಿ ಇತ್ತೋ, ಇಲ್ಲವೇ ಇಲ್ಲವೋ? ನಾನು ಬೈದದ್ದು ಯಾರನ್ನು? "ಸಿಗ್ನಲ್‌ನ್ಯಾಗ ಹೆಂಗ ಮಾಡ್ತೀರಿ?" ಎಂದೆ.

"ಮ್ಯಾಲಿಂದು ಹತ್ತಿದ್ರ ನಿಲ್ಲೂದು, ಕೆಳಗಿಂದು ಹತ್ತಿದ್ರ ಹೋಗೂದು."

ಮುಂದಿನ ಲಾರಿ ಬ್ರೇಕ್ ಹಿಡಿಯಿತು. ನನ್ನ ಕಾಲು ತಾನಾಗಿ ನೆಲ ಒತ್ತಿತು. ಆದರೆ ಇವರು ಅದಕ್ಕೂ ಮುಂಚೆಯೇ ನಿಧಾನ ಮಾಡಿದ್ದರು. ಇಷ್ಟು ವರ್ಷ ಒಂದೂ ಅಪಘಾತವಿಲ್ಲ. ಇದು ಧೈರ್ಯ ಕೊಡುವ ಸಂಗತಿಯೋ, ಹೆದರಿಸುವ ಸಂಗತಿಯೋ? ಅಧಿಕಾರಿಯ ಮುಂದೆ ನಾನು ಗಂಡನನ್ನು ಉಳಿಸಿದೆನೋ, ಎದುರಿಗೆ ಬರುವ ಯಾರದೋ ಗಂಡನನ್ನು ಅಪಾಯಕ್ಕೆ ನೂಕಿದೆನೋ, ಇವತ್ತಿಗೂ ಬಗೆಹರಿದಿಲ್ಲ.

"ಅಂಜಬ್ಯಾಡ," ಎಂದರು ಅವರು, ರಸ್ತೆಯಿಂದ ಕಣ್ಣು ತೆಗೆಯದೆ. "ಬಣ್ಣಕ್ಕ ನೀ ಅದೀಯಲ್ಲ."

ಮರುದಿನ ಮುಂಜಾನೆ ಚೀಲ ಹೇರಿಕೊಂಡು ಬ್ಯಾಡಗಿಗೆ ಹೊರಟರು. ತಡೆಯಬೇಕೋ ಬೇಡವೋ ತಿಳಿಯದೆ ಬಾಗಿಲಲ್ಲಿ ನಿಂತೆ. ಟೆಂಪೊದಲ್ಲಿ ನಾನು ಕೂತಿದ್ದ ಪಕ್ಕದ ಸೀಟು ಖಾಲಿ ಇತ್ತು.