ಭಾನುವಾರ ನಿಲ್ಲಬಾರದ ಯಂತ್ರ

ಹೊರಬಾಗಿಲ ಹಿಡಿ ಅಂಗೈ ಸುಡುತ್ತಿತ್ತು. ಒಳಗೆ ಕಾಲಿಟ್ಟರೆ ಸ್ವೆಟರ್ ಬೇಕು. ಮಸ್ಕತ್ತಿನ ವಿಶ್ವವಿದ್ಯಾಲಯವೊಂದರ ಸೂಪರ್‌ಕಂಪ್ಯೂಟರ್ ಕೇಂದ್ರದಲ್ಲಿ ಯಂತ್ರ ನೋಡಿಕೊಳ್ಳುವ ಕೆಲಸಕ್ಕೆ ನಾನು ಸೇರಿದ್ದು ಜೂನ್‌ನಲ್ಲಿ. ಜುಲೈ ಇದ್ದರೂ ಇರಬಹುದು, ನನ್ನ ನೆನಪನ್ನು ನಾನು ಪೂರ್ತಿ ನಂಬುವುದಿಲ್ಲ. ಊರಿನ ಯಾವ ಡಿಸೆಂಬರಿನಲ್ಲೂ ಅಷ್ಟು ನಡುಗಿರಲಿಲ್ಲ ಎಂಬುದು ಮಾತ್ರ ಖಚಿತ.

ವಾದಿ ಅದಾಯ್ ಎಂಬ ಬಡಾವಣೆಯಲ್ಲಿ ಗ್ಯಾರೇಜುಗಳ ಮೇಲಿನ ಮಹಡಿಯಲ್ಲಿ ಮನೆ ಸಿಕ್ಕಿತು. ಪಕ್ಕದಲ್ಲೇ ಉಳ್ಳಾಲದ ಬ್ಯಾರಿಯೊಬ್ಬರ ಅಂಗಡಿ, ಹಾಗಾಗಿ ಕುಚ್ಚಲಕ್ಕಿಗೆ ಬರವಿಲ್ಲ. ಹಿಂದಿಗೆ ಅರಬ್ಬಿ ಬೆರೆಸಿ ಮಾತಾಡುವುದನ್ನೂ ಕಲಿತೆ. ಕಲಿಯದೆ ಉಳಿದದ್ದು ವಾರ. ಇಲ್ಲಿ ರಜೆ ಶುಕ್ರವಾರ, ಶನಿವಾರ. ತಲೆಗೆ ಗೊತ್ತಿತ್ತು, ಕೈಗೆ ಗೊತ್ತಿರಲಿಲ್ಲ.

ಯಂತ್ರವನ್ನು ತಂಪಾಗಿಡುವ ವ್ಯವಸ್ಥೆಯ ರಿಪೇರಿಗೆ ಒಂದು ದಿನ ಎಲ್ಲವನ್ನೂ ನಿಲ್ಲಿಸಬೇಕಿತ್ತು. ಸಂಶೋಧಕರಿಗೆಲ್ಲ ಇಮೇಲ್ ಕಳಿಸಿದೆ: ಭಾನುವಾರ ರಜೆಯಾದ್ದರಿಂದ ಯಾರಿಗೂ ತೊಂದರೆಯಾಗದು.

ಗುರುವಾರ ಸಲ್ಮಾ ಬಂದಳು. ರುಸ್ತಾಕ್‌ನವಳು, ಪಿಎಚ್.ಡಿ. ವಿದ್ಯಾರ್ಥಿನಿ. ಮಳೆ ಬಿದ್ದಾಗ ಒಣ ವಾದಿಯಲ್ಲಿ, ಅಂದರೆ ಹಳ್ಳದಲ್ಲಿ, ನೀರು ಎಷ್ಟು ಬೇಗ ಮನೆಗಳನ್ನು ಮುಟ್ಟುತ್ತದೆ ಎಂಬುದು ಅವಳ ಲೆಕ್ಕ. ಅದು ಆಗಲೇ ಯಂತ್ರದಲ್ಲಿ ಓಡುತ್ತಿತ್ತು. ಮುಗಿಯುವುದು ಭಾನುವಾರ ಬೆಳಿಗ್ಗೆ. ಮಧ್ಯಾಹ್ನವೇ ಸಮಿತಿಯ ಮುಂದಿಡಬೇಕು. ನಡುವೆ ನಿಂತರೆ ಮೊದಲಿನಿಂದ ಶುರು, ಸಮಿತಿ ಈ ವರ್ಷ ಮತ್ತೆ ಸೇರುವುದಿಲ್ಲ.

“ಉಸ್ತಾದ್,” ಎಂದಳು, ನಮ್ಮಲ್ಲಿ ಮೇಷ್ಟ್ರೇ ಎಂದ ಹಾಗೆ. “ನಿಮ್ಮೂರಿನಲ್ಲಿ ನೆರೆಯೂ ಭಾನುವಾರ ರಜೆ ಹಾಕುತ್ತದಾ?”

ರಿಪೇರಿ ಮುಂದೂಡಬಹುದು ಎಂದೇ ನನ್ನ ನೆನಪು. ಅದನ್ನು ನಂಬದೆ ಹಿಂದಿನ ತಿಂಗಳುಗಳ ಉಷ್ಣಾಂಶವನ್ನೆಲ್ಲ ತೆಗೆದು ನೋಡಿದೆ. ಇನ್ನೊಂದು ವಾರ ಯಂತ್ರ ತಡೆದುಕೊಳ್ಳುತ್ತದೆ. ಆ ಹೊಣೆ ನನ್ನದೆಂದು ಮೇಲಧಿಕಾರಿಗೆ ಹೇಳಿದೆ. ಒಮಾನಿನವರೇ ಆದ ಅವರು ಕಾಫಿಯ ಪುಟ್ಟ ಬಟ್ಟಲನ್ನು ಅಲುಗಾಡಿಸಿದರು. ಇನ್ನು ಕಾಫಿ ಬೇಡ ಎನ್ನಲು ಇಲ್ಲಿನವರ ಸನ್ನೆ ಅದು. “ಖಲಾಸ್. ಮುಂದಿನ ವಾರದ ಶನಿವಾರ,” ಎಂದರು.

ಭಾನುವಾರ ಸಲ್ಮಾ ತನ್ನ ಹಳ್ಳದ ನೀರನ್ನು ಸಮಿತಿಯ ಮುಂದೆ ಹರಿಸಿದಳು. ಒಪ್ಪಿಗೆ ಸಿಕ್ಕಿತು. ಆಮೇಲೆ ನಾನು ವಾರದ ಲೆಕ್ಕ ತಪ್ಪಿಲ್ಲ.

ಇಲ್ಲಿ ತಪ್ಪಿಲ್ಲ, ಅಷ್ಟೇ. ಕಳೆದ ಸಲ ಪುತ್ತೂರಿಗೆ ಹೋದಾಗ ಶುಕ್ರವಾರ ಹತ್ತು ಗಂಟೆಯಾದರೂ ಗಡ್ಡ ತೆಗೆಯದೆ ಬಿದ್ದುಕೊಂಡಿದ್ದೆ. ಅಕ್ಕ ಬಂದು, “ನಿಂಗೆ ಬ್ಯಾಂಕಿಗೆ ಹೋಗ್ಲಿಕ್ಕಿತ್ತಲ್ಲ?” ಎಂದಳು.

“ಇವತ್ತು ರಜೆ ಅಲ್ವಾ ಅಕ್ಕ?”

“ಯಾರಿಗೆ ಮಾರಾಯ?”

ಎದ್ದು ಹೋದೆ. ಬ್ಯಾಂಕಿನ ಕೌಂಟರುಗಳ ಹಿಂದೆ ಕೂತವರನ್ನು ಕಂಡು, ರಜೆಯ ದಿನವೂ ಇವರಿಗೆ ಬಿಡುವಿಲ್ಲವಲ್ಲ ಎಂದು ಕನಿಕರವಾಯಿತು.