ಜಮಾತಿನ ಸಾಲಿನಲ್ಲಿ ನನ್ನ ಜಾಗ

ಹತ್ತಿ ಹಿಂಜಿ ಗಾದಿ ತುಂಬುವುದು ನಮ್ಮ ಮನೆತನದ ಕಸುಬು. ಹತ್ತಿ ಹಿಂಜುವ ಬಿಲ್ಲನ್ನು ಹೆಗಲಿಗೇರಿಸಿಕೊಂಡು ಹುಬ್ಬಳ್ಳಿಯ ಓಣಿ ಓಣಿ ತಿರುಗಿ ಉಣಕಲ್ಲಿನವರೆಗೂ ಹೋಗುತ್ತಿದ್ದೆ. ಎರಡನೇ ಮಹಾಯುದ್ಧಕ್ಕೆ ಕೆಲವು ವರ್ಷ ಮೊದಲು, ಒಂದು ದಿನ ಉಚ್ಚೆ ಕಟ್ಟಿತು. ಹೊಟ್ಟೆ ಕಲ್ಲಾಯಿತು. ಹೆಂಡತಿ ಟಾಂಗಾದಲ್ಲಿ ಹಾಕಿಕೊಂಡು ಆಸ್ಪತ್ರೆಗೆ ಒಯ್ದಳು. ಉಚ್ಚೆಯ ದಾರಿಗೆ ರಬ್ಬರ್ ನಳಿಗೆ ಇಳಿಸಿ ಜೀವ ಉಳಿಸಿದರು. ಆಮೇಲೆ ಕಿಬ್ಬೊಟ್ಟೆ ಕೊಯ್ದು, ಮೂತ್ರಚೀಲದ ಬುಡದಲ್ಲಿ ಬೆಳೆದಿದ್ದ ಗ್ರಂಥಿಯನ್ನು ತೆಗೆದು ಪರೀಕ್ಷೆಗೆ ಮುಂಬೈಗೆ ಕಳಿಸಿದರು. ಉತ್ತರ ಬಂದ ದಿನ ಡಾಕ್ಟರು ನನ್ನ ಮಂಚದ ಹತ್ತಿರ ಕುಳಿತರು.

“ಅದರಾಗ ಅರ್ಬುದ, ಅಂದ್ರ ಕ್ಯಾನ್ಸರ್, ಇತ್ತರಿ. ಭಾಳ ಸಣ್ಣದು, ಹೊರಗ ಹಬ್ಬಿದಂಗ ಕಾಣೂದಿಲ್ಲ. ತಗದೇವಿ. ಮತ್ತ ಬರೂದಿಲ್ಲ ಅಂತ ಮಾತ್ರ ಹೇಳಾಕಾಗೂದಿಲ್ಲ. ವರ್ಷಾ ವರ್ಷಾ ಬಂದು ತೋರಿಸಿ ಹೋಗ್ರಿ.”

“ಉಚ್ಚಿ ಸೋರಾಕತ್ತೈತ್ರಿ, ಸಾಹೇಬ್ರ.”

“ಕಡಿಮಿ ಆಗಬಹುದು. ಪೂರಾ ನಿಲ್ಲಲಿಕ್ಕಿಲ್ಲ. ಗಂಡಾ-ಹೆಂಡತಿ ಸಂಸಾರಾನೂ ಮೊದಲಿನಂಗ ಇರಲಿಕ್ಕಿಲ್ಲ.”

ಹೆಂಡತಿ ಅಲ್ಲೇ ನಿಂತಿದ್ದಳು. “ಮನಷ್ಯಾ ಉಳದಾನಲ್ಲರಿ, ಅಷ್ಟ ಸಾಕು,” ಎಂದಳು. ನನಗೆ ಸಾಕಾಗಿರಲಿಲ್ಲ. ಗೋಡೆಯ ಕಡೆ ಮುಖ ಮಾಡಿ ಮಲಗಿದೆ.

ಮನೆಗೆ ಬಂದ ಮೇಲೆ ಅವಳೇ ಹೊಸ ಹತ್ತಿ ಹಿಂಜಿ, ಹಳೆಯ ಧೋತರದಲ್ಲಿ ತುಂಬಿ, ನನ್ನ ಲಂಗೋಟಿಗೆ ಮೆತ್ತೆಗಳನ್ನು ಹೊಲಿದಳು. ಶುಕ್ರವಾರ ಅದನ್ನು ಕಟ್ಟಿಕೊಂಡು ಮಸೀದಿಗೆ ಹೋದೆ. ಚಿಕ್ಕಪ್ಪನ ಮಗ ಬಾಗಿಲಲ್ಲೇ ತಡೆದ.

“ಅಣ್ಣಾ, ಸಿಟ್ಟಾಗಬ್ಯಾಡ್ರಿ. ನಿಮ್ಮ ಮೈ ಶುದ್ಧ ಇಲ್ಲ, ಪಾಕ್ ಇಲ್ಲ. ಮನ್ಯಾಗ ನಮಾಜ್ ಮಾಡ್ಕೋರಿ.”

ನಾಲ್ಕು ಜನ ಕೇಳಿಸಿಕೊಂಡರು. ಮನೆಗೆ ತಿರುಗಿ ಬಂದು, ನಡೆದದ್ದನ್ನು ಹೇಳಿ, ಇನ್ನು ಹೊರಗೇ ಹೋಗುವುದಿಲ್ಲ ಎಂದೆ. ಒಲೆಯ ಮುಂದಿದ್ದ ಹೆಂಡತಿ ಎದ್ದು ಬಂದಳು.

“ಸಾವಿಗೆ ಅಂಜಲಿಲ್ಲ, ಇವಗ ಅಂಜತೀರೇನು? ಹೋಗಿ ಮೌಲ್ವಿ ಸಾಹೇಬರನ್ನ ಕೇಳ್ರಿ. ಇಲ್ಲಂದ್ರ ನಾನ ಹೋಗಿ ಕೇಳತೇನಿ.”

ಅವಳು ಹೋಗುವವಳೇ. ಅದಕ್ಕೇ ನಾನು ಹೋದೆ. ಮೌಲ್ವಿ ಸಾಹೇಬರು ಎಲ್ಲ ಕೇಳಿ ಹೇಳಿದರು: “ತಡಿಯಾಕ ಆಗದ ಬ್ಯಾನಿಗೆ ಮಾಫಿ ಐತಿ. ಹೊತ್ತು ಹೊತ್ತಿಗೆ ಕೈಕಾಲು ಮಾರಿ ತೊಳದು ಹೊಸದಾಗಿ ವಜೂ ಮಾಡ್ರಿ, ಬಟ್ಟಿ ಬದಲು ಮಾಡ್ರಿ, ಬಂದು ನಿಂದರ್ರಿ. ಯಾರರ ಕೇಳಿದ್ರ ನನ್ನ ಕಡೆ ಕಳಸ್ರಿ.”

ಮುಂದಿನ ಶುಕ್ರವಾರ ಮೊದಲನೇ ಸಾಲಿನಲ್ಲಿ ನಿಂತೆ. ಪಕ್ಕದಲ್ಲಿದ್ದ ಚಿಕ್ಕಪ್ಪನ ಮಗ ಸರಿದು ಹಿಂದಕ್ಕೆ ಹೋದ. ತೆರವಾದ ಜಾಗಕ್ಕೆ ಒಬ್ಬ ಮುದುಕ ಟಾಂಗಾದವನು ಬಂದು ಹೆಗಲಿಗೆ ಹೆಗಲು ತಾಗಿಸಿ ನಿಂತ. ಸಜ್ದಾಕ್ಕೆ ಬಾಗಿದಾಗ ಸೋರಿತು. ಸೋರಲಿ ಎಂದುಕೊಂಡೆ. ಹಣೆ ನೆಲಕ್ಕೆ ಹಚ್ಚಿದೆ.

ಯುದ್ಧ ಬಂತು, ಮುಗಿಯಿತು. ಸೋರುವುದು ಕಡಿಮೆಯಾಯಿತು, ಕೆಮ್ಮಿದರೆ, ಗಾದಿ ಎತ್ತಿದರೆ ಈಗಲೂ ಉಂಟು. ಹಾಸಿಗೆಯ ಸುಖ ಹೋಯಿತು, ಸುಳ್ಳೇಕೆ ಹೇಳಲಿ. ಅದರ ಸಂಕಟ ನನ್ನನ್ನು ಪೂರ್ತಿ ಬಿಟ್ಟಿಲ್ಲ. ಪ್ರತಿ ವರ್ಷ ಡಾಕ್ಟರು ಹಿಂದಿನಿಂದ ಬೆರಳಿಟ್ಟು ನೋಡುತ್ತಾರೆ, “ಏನಿಲ್ಲ, ನಡೀರಿ,” ಎನ್ನುತ್ತಾರೆ. ಮುಂದಿನ ಸಲ ಏನೆನ್ನುವರೋ ಗೊತ್ತಿಲ್ಲ.

ಮೊನ್ನೆ ಚಹಾದಂಗಡಿಯಲ್ಲಿ ಒಬ್ಬ ಗೃಹಸ್ಥ ನನ್ನ ಕಿವಿಯ ಹತ್ತಿರ ಬಾಗಿ, “ಕಾಕಾ, ನಿಮಗ ಆ ಬ್ಯಾನಿ ಆಗಿತ್ತಂತಲ್ರಿ?” ಎಂದ. ನಾನು ಚಹಾದ ಬಶಿ ಕೆಳಗಿಟ್ಟೆ.

“ಪಿಸುಗುಡತೀರಿ ಯಾಕ? ಉಚ್ಚಿ ಕಟ್ಟಿತ್ತು, ಒಳಗ ಅರ್ಬುದ ಇತ್ತು, ಕೊಯಿಸಿಕೊಂಡೇನಿ. ನಿಮಗೂ ಕಟ್ಟಾಕತ್ತೈತೇನು? ಹಂಗಿದ್ರ ಕುಂದರಬ್ಯಾಡ್ರಿ, ಏಳ್ರಿ. ದವಾಖಾನಿಗೆ ನಾನೂ ಬರತೇನಿ.”

ಅಂಗಡಿಯಲ್ಲಿದ್ದವರೆಲ್ಲ ತಿರುಗಿ ನೋಡಿದರು. ಅವನು ಎದ್ದು ನನ್ನ ಜೊತೆ ಹೊರಟ.